ಪಕ್ಕದ ಮನೆಯ ಮೇಲೆ ಬೀಳುವ ಖರ್ಚು: ಅಪಾರ್ಟ್‌ಮೆಂಟಿಗೆ ದಂಡ-ರಿಯಾಯಿತಿ ನಿಯಮ ರೂಪಿಸುವುದು ಹೇಗೆ?

ಬೆಂಗಳೂರಿನಲ್ಲಿ ಅರವತ್ತು ಮನೆಗಳ ಒಂದು ಅಪಾರ್ಟ್‌ಮೆಂಟ್ ಅಂದುಕೊಳ್ಳಿ. ಕಾವೇರಿ ನೀರು ಸಾಲದೆ ಟ್ಯಾಂಕರ್ ತರಿಸುತ್ತಾರೆ. 12,000 ಲೀಟರಿನ ಟ್ಯಾಂಕರಿಗೆ 1,200 ರೂಪಾಯಿ, ಅಂದರೆ ಸಾವಿರ ಲೀಟರಿಗೆ ನೂರು. ಆ ಖರ್ಚನ್ನು ಅರವತ್ತೂ ಮನೆಗೆ ಸಮನಾಗಿ ಹಂಚಿ ಮೇಂಟೆನೆನ್ಸ್‌ಗೆ ಸೇರಿಸುತ್ತಾರೆ. ಮೂರನೇ ಮಹಡಿಯ ಒಬ್ಬರು ದಿನಾ ಬೆಳಿಗ್ಗೆ ಪೈಪ್ ಹಿಡಿದು ಕಾರು ತೊಳೆಯುತ್ತಾರೆ, ತಿಂಗಳಿಗೆ ಸಾವಿರ ಲೀಟರ್ ಹೆಚ್ಚಿಗೆ ಹೋಗುತ್ತದೆ. ಇದರಿಂದ ಅವರ ಜೇಬಿಗೆ ತಗಲುವುದು 1 ರೂಪಾಯಿ 67 ಪೈಸೆ. ಉಳಿದ 98 ರೂಪಾಯಿ 33 ಪೈಸೆಯನ್ನು ಬಾಕಿ 59 ಮನೆಯವರು ಕಟ್ಟುತ್ತಾರೆ. ಕಟ್ಟುತ್ತಿದ್ದೇವೆ ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ ಇದು. ಆದರೆ ಇಲ್ಲಿ ಎತ್ತಿನದು ಕೆಟ್ಟ ಮನಸ್ಸೇನಲ್ಲ, ಬಿಲ್ ಮಾಡುವ ಕ್ರಮವೇ ಅದಕ್ಕೆ ಸಲಿಗೆ ಕೊಟ್ಟಿದೆ.

ಒಬ್ಬರು ಮಾಡಿದ್ದರ ಹೊರೆ ಇನ್ನೊಬ್ಬರ ಮೇಲೆ ಬೀಳುವಾಗ ಆ ಹೊರೆಯಷ್ಟೇ ತೆರಿಗೆಯನ್ನು ಮಾಡಿದವರ ಮೇಲೆ ಹಾಕಬೇಕು, ಇನ್ನೊಬ್ಬರಿಗೆ ಉಪಕಾರವಾದರೆ ಅಷ್ಟೇ ಪ್ರೋತ್ಸಾಹಧನ ಕೊಡಬೇಕು ಎಂದು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ವಿವರವಾಗಿ ಬರೆದರು. ನಮ್ಮ ಹಳ್ಳಿಗಳಿಗೆ ಇದರ ಅರ್ಧ ಭಾಗ ಮೊದಲೇ ಗೊತ್ತಿತ್ತು. ಯಾರದೋ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಕೊಂಡವಾಡ ಎನ್ನುತ್ತಾರೆ. ದನದ ಯಜಮಾನ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಹೋಗಬೇಕು. 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆಯಲ್ಲಿ ಈ ದಂಡ ಪ್ರಾಣಿಗೊಂದು ಥರ: ಆಡು-ಕುರಿಗೆ ಕಡಿಮೆ, ಎಮ್ಮೆಗೆ ಹೆಚ್ಚು. ಎಷ್ಟು ಮೇಯಬಲ್ಲದೋ ಅಷ್ಟು ದಂಡ. ಈಗಿನ ಎಷ್ಟೋ ಅಸೋಸಿಯೇಶನ್‌ಗಳ ನೋಟಿಸ್ ಬೋರ್ಡಿನಲ್ಲಿ ಇಷ್ಟು ತರ್ಕವೂ ಕಾಣುವುದಿಲ್ಲ. ಎಲ್ಲ ತಪ್ಪಿಗೂ ಐನೂರು ರೂಪಾಯಿ, ವಸೂಲಾಗುವುದು ಮಾತ್ರ ಸೊನ್ನೆ.

ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿನ ಅಥವಾ ಬಡಾವಣೆ ಸಂಘದ ಕಮಿಟಿಯಲ್ಲಿ ಇರುವವರಿಗಾಗಿ ಈ ಲೇಖನ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡುವುದು ಒಳ್ಳೆಯದು. ಹೆಚ್ಚಿನ ಕಡೆ ನಾಲ್ಕನೇ ಹೆಜ್ಜೆಯಾದ ದಂಡದ ಮೊತ್ತದಿಂದಲೇ ಚರ್ಚೆ ಶುರುವಾಗುತ್ತದೆ, ಮೊದಲ ಮೀಟಿಂಗ್‌ನಲ್ಲೇ ಕಥೆ ಮುಗಿಯುತ್ತದೆ.

1. ದೂರುಗಳನ್ನು ಮೂರು ರಾಶಿ ಮಾಡಿ

ಆರು ತಿಂಗಳ ವಾಟ್ಸಾಪ್ ಗ್ರೂಪ್ ಹಿಂದಕ್ಕೆ ಸರಿಸಿ ನೋಡಿ, ಸೆಕ್ಯುರಿಟಿಯವರ ರಿಜಿಸ್ಟರ್ ತೆರೆಯಿರಿ, ದೂರುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಹೆಸರು ಬೇಡ, ವಿಷಯ ಸಾಕು. ಆಮೇಲೆ ಮೂರು ರಾಶಿ ಮಾಡಿ.

ಮೊದಲನೆಯದು, ಒಂದು ಸಲವೂ ಆಗಕೂಡದ್ದು. ಅಗ್ನಿಶಾಮಕ ವಾಹನ ಬರುವ ದಾರಿಯಲ್ಲಿ ಕಾರು ನಿಲ್ಲಿಸುವುದು, ಮೆಟ್ಟಿಲ ದಾರಿಗೆ ಅಡ್ಡ ಬೀರು ಇಡುವುದು, ಪೇಂಟ್ ಥಿನ್ನರ್ ಅಥವಾ ಆ್ಯಸಿಡ್ಡನ್ನು ಬಚ್ಚಲಿಗೆ ಸುರಿದು ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಿಸುವ ಘಟಕದ) ಬ್ಯಾಕ್ಟೀರಿಯಾ ಸಾಯಿಸುವುದು. ಇಂಥವಕ್ಕೆ ದರ ಹಾಕಬೇಡಿ. ದರ ಹಾಕಿದಿರೋ, ದುಡ್ಡು ಕೊಟ್ಟರೆ ಮಾಡಬಹುದು ಎಂದಾಯಿತು. ಇವು ನಿಷೇಧ, ಕಾರನ್ನು ಎಳೆಸಿ ಆಚೆ ಇಡುವಷ್ಟು ಕಟ್ಟುನಿಟ್ಟು.

ಎರಡನೆಯದು, ಸ್ವಲ್ಪ ಆದರೆ ಪರವಾಗಿಲ್ಲ, ಜಾಸ್ತಿಯಾದರೆ ಇತರರಿಗೆ ಭಾರ ಅನ್ನುವಂಥವು: ನೀರು, ಬೇರ್ಪಡಿಸದ ಕಸ, ಎರಡನೇ ಕಾರು, ಒಳಾಂಗಣ ಕೆಲಸದ ಡ್ರಿಲ್ಲಿಂಗ್, ಹಾಲ್‌ನಲ್ಲಿ ಸಮಾರಂಭ. ಬೆಲೆ ಕಟ್ಟುವುದು ಕೆಲಸ ಮಾಡುವುದು ಇಲ್ಲಿ ಮಾತ್ರ.

ಮೂರನೆಯದು, ದುಡ್ಡಿನ ಮಾತೇ ಎತ್ತಬಾರದವು. ಮಗು ಅಳುವುದು, ಮಕ್ಕಳು ಆಟ ಆಡುವುದು, ಬೆಳಗಿನ ಜಾವದ ಪೂಜೆಯ ಗಂಟೆ, ಒಗ್ಗರಣೆಯ ಘಾಟು, ಮೀನು ಹುರಿದ ವಾಸನೆ. ಕೊನೆಯದರ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು: ಇತರರಿಗೆ ತೊಂದರೆ ಎಂಬ ಹೆಸರಿನಲ್ಲಿ ಯಾರು ಏನು ತಿನ್ನಬೇಕು ಎಂದು ತೀರ್ಮಾನಿಸುವ ಚಾಳಿ ನಮ್ಮ ಊರುಗಳಲ್ಲಿ ಇದೆ. ವಾಸನೆಗೆ ದಂಡ ಹಾಕಲು ಹೊರಟ ಕಮಿಟಿ ಬೆಲೆ ಕಟ್ಟುತ್ತಿಲ್ಲ, ಜಾತಿ ಕೇಳುತ್ತಿದೆ. ಆ ಸಾಲನ್ನು ಹಾಳೆಯಿಂದ ಹೊಡೆದು ಹಾಕಿ ಮುಂದೆ ಹೋಗಿ.

ನಾಯಿ ಸಾಕುವವರ ಮೇಲೆ ಶುಲ್ಕ, ದಂಡ ಹಾಕುವ ಯೋಚನೆ ಬಹಳ ಕಡೆ ಬರುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ನಾಯಿ ಮಾಡಿದ ಗಲೀಜನ್ನು ಯಜಮಾನರೇ ಎತ್ತಲಿ ಎಂದು ಕೇಳಿಕೊಳ್ಳಬಹುದು, ಅದಕ್ಕೆ ಚೀಲ, ಡಬ್ಬ ಇಡಬಹುದು. ಅದೂ ಮೂರನೇ ರಾಶಿಗೆ.

2. ಯಾರು ಸುಲಭವಾಗಿ ತಪ್ಪಿಸಬಲ್ಲರು ನೋಡಿ

ತೊಂದರೆ ಕೊಟ್ಟವರು ಒಬ್ಬರೇ, ಅನುಭವಿಸಿದವರು ಮುಗ್ಧರು ಎಂಬ ಚಿತ್ರ ಅರ್ಧ ಸತ್ಯ. ಲಂಡನ್‌ನಲ್ಲಿ ಒಬ್ಬ ಮಿಠಾಯಿ ತಯಾರಕ ಎಷ್ಟೋ ವರ್ಷಗಳಿಂದ ಒರಳಿನಲ್ಲಿ ಕುಟ್ಟಿಕೊಂಡಿದ್ದ. ಪಕ್ಕದ ಡಾಕ್ಟರು ಆ ಗೋಡೆಗೆ ಒತ್ತಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿಕೊಂಡ ಮೇಲೆ ಸದ್ದು ತೊಂದರೆಯಾಯಿತು. 1879ರಲ್ಲಿ ಕೋರ್ಟು ಡಾಕ್ಟರ ಪರ ತೀರ್ಪು ಕೊಟ್ಟಿತು. ಈ ಪ್ರಕರಣವನ್ನೇ ಹಿಡಿದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಕೇಳಿದ ಪ್ರಶ್ನೆ: ಒರಳು ನಿಲ್ಲಿಸಿದರೆ ಮಿಠಾಯಿಯವನಿಗೂ ನಷ್ಟವೇ ತಾನೆ, ಇಬ್ಬರಲ್ಲಿ ಯಾರು ಕಡಿಮೆ ಖರ್ಚಿನಲ್ಲಿ ತಪ್ಪಿಸಿಕೊಳ್ಳಬಹುದು?

ನಮ್ಮಲ್ಲಿ ಇದು ಹೀಗೆ ಬರುತ್ತದೆ. 402ರಲ್ಲಿ ಮಾಡ್ಯುಲರ್ ಕಿಚನ್ ಕೂರಿಸುತ್ತಿದ್ದಾರೆ, 302ರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುತ್ತಾರೆ. ಡ್ರಿಲ್ಲಿಂಗ್ ನಿಲ್ಲಿಸಿ ಅಂದರೆ ಕಿಚನ್ ಆಗದು, ಸಹಿಸಿಕೊಳ್ಳಿ ಅಂದರೆ ನಿದ್ದೆಯಾಗದು. ಇಲ್ಲಿ ಅಗ್ಗದ ದಾರಿ ಸಮಯದ ಹೊಂದಾಣಿಕೆ: ಸದ್ದಿನ ಕೆಲಸ 10ರಿಂದ 1, ಮತ್ತೆ 3ರಿಂದ 6, ಭಾನುವಾರ ಇಲ್ಲ, ಎರಡು ದಿನ ಮೊದಲೇ ಮೇಲಿನ-ಕೆಳಗಿನ ಮನೆಗಳಿಗೆ ತಿಳಿಸಬೇಕು. ಕಾರ್ಪೆಂಟರಿಗೆ ಇದರಿಂದ ಒಂದೆರಡು ದಿನ ಹೆಚ್ಚು, ಕೆಳಗಿನವರಿಗೆ ಮಧ್ಯಾಹ್ನ ಎರಡು ಗಂಟೆ ನಿಶ್ಶಬ್ದ ಗ್ಯಾರಂಟಿ. ಸದ್ದಿಗೆ ದಂಡ ಬೇಕಿಲ್ಲ, ಸಮಯ ಮೀರಿದ್ದಕ್ಕೆ ಇದ್ದರೆ ಸಾಕು.

3. ಅಳೆಯಲು ಬರುವುದಕ್ಕೆ ಮಾತ್ರ ಬೆಲೆ

ಅಳತೆ ಇಲ್ಲದ ದಂಡ ಅಂದರೆ ಜಗಳಕ್ಕೆ ಆಹ್ವಾನ. ನೀರಿಗೆ ಮನೆಮನೆಗೂ ಮೀಟರ್ ಬೇಕು. ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು ಬೇರೆ ಬೇರೆ ಪೈಪ್ ಇಳಿದಿರುತ್ತವೆ, ಒಂದೇ ಮನೆಗೆ ಮೂರು ನಾಲ್ಕು ಮೀಟರ್ ಬೇಕಾಗುತ್ತದೆ. ಅದು ದುಬಾರಿ ಅನ್ನಿಸಿದರೆ ಕಣ್ಣಿಗೆ ಕಾಣುವುದನ್ನು ಮಾತ್ರ ಹಿಡಿಯಿರಿ: ಪೈಪ್‌ನಲ್ಲಿ ಕಾರು ತೊಳೆಯುವುದು, ತುಂಬಿ ಸೋರುವ ಟ್ಯಾಂಕು, ಸರಿಮಾಡಿಸದ ಫ್ಲಶ್. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿಯೂ ಇದನ್ನೇ ಮಾಡಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತು.

ಸದ್ದಿಗೆ ಮೊಬೈಲ್ ಆ್ಯಪ್ ನಂಬಬೇಡಿ. ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿ ಇದೆ ನಿಜ. ಆದರೆ ಒಂದೊಂದು ಫೋನ್ ಒಂದೊಂದು ಅಂಕಿ ತೋರಿಸುತ್ತದೆ. ಗಡಿಯಾರ ಯಾರ ಪರವೂ ಅಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6 ಎಂಬುದು ಅದೇ ನಿಯಮಗಳಲ್ಲಿರುವ ರಾತ್ರಿಯ ಲೆಕ್ಕ, ಅದನ್ನೇ ಇಟ್ಟುಕೊಳ್ಳಿ.

ಕಸದ ಅಳತೆ ಸ್ವಲ್ಪ ನಾಜೂಕು. ಎಲ್ಲರೂ ಕೆಳಗಿನ ದೊಡ್ಡ ಡ್ರಮ್ಮಿಗೆ ತಂದು ಸುರಿಯುವ ಕಡೆ ಯಾರದು ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ಮನೆಬಾಗಿಲಿನಿಂದ ಎತ್ತುವ ಪದ್ಧತಿ ಇದ್ದರೆ ಮಾತ್ರ ಬೆಲೆಯ ಮಾತು. ಒಮ್ಮೆ ಬೆಳಿಗ್ಗೆ ಎಂಟಕ್ಕೆ ಬೇಸ್‌ಮೆಂಟಿಗೆ ಇಳಿದು ನೋಡಿ. ನೀಲಿ ಟಾರ್ಪಾಲಿನ ಮೇಲೆ ಬಕೆಟ್ ಬೋರಲು ಹಾಕುತ್ತಾರೆ. ಕಾಫಿ ಚರಟ, ಹುಣಸೆ ಹಿಂಡಿದ ಸಿಪ್ಪೆ, ನಿನ್ನೆಯ ಅನ್ನ, ಅದರ ನಡುವೆ ಹಾಲಿನ ಕವರು, ಸುತ್ತಿಟ್ಟ ಡೈಪರು, ತೆರೆದ ಶೇವಿಂಗ್ ಬ್ಲೇಡು. ಕೈಗವಸಿನ ಎರಡು ಬೆರಳಲ್ಲಿ ಬ್ಲೇಡನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿ, "ಸಾರ್, 204ರದ್ದು ಇವತ್ತೂ ಮಿಕ್ಸು" ಎಂದು ಕಸ ಬೇರ್ಪಡಿಸುವ ಹೆಂಗಸು ಸೂಪರ್‌ವೈಸರಿಗೆ ಕೂಗಿ ಹೇಳುತ್ತಾಳೆ. ಆ ಒಂದು ವಾಕ್ಯವೇ ನಿಮ್ಮ ಮೀಟರ್. ಅದನ್ನು ದಿನಾಂಕ, ಮನೆ ನಂಬರು, ಸಹಿ ಸಮೇತ ಪುಸ್ತಕದಲ್ಲಿ ಬರೆಸಿ. ಕಸದ ಫೋಟೋ ಗ್ರೂಪ್‌ನಲ್ಲಿ ಹಾಕುವುದು ಬೇಡ. ಒಬ್ಬರ ಮನೆಯ ಔಷಧಿ ಚೀಟಿ, ಸ್ಯಾನಿಟರಿ ಪ್ಯಾಡು ಅರವತ್ತು ಮನೆಗೆ ಕಾಣಬೇಕಿಲ್ಲ.

4. ದರ: ಹೆದರಿಸುವಷ್ಟಲ್ಲ, ನಷ್ಟವಾದಷ್ಟು

ನೀರಿನ ದರ ಕಟ್ಟುವ ಕ್ರಮ ಹೀಗೆ. ನಗರದ ನೀರು ಪೂರೈಕೆಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ತಿಂಗಳಿಗೆ ಸುಮಾರು 4,000. ನಾಲ್ಕು ಜನರ ಮನೆಗೆ 16,000 ಲೀಟರ್ ಗೆರೆ, ಇಬ್ಬರೇ ಇರುವ ವಯಸ್ಸಾದವರ ಮನೆಗೆ 8,000. ಗೆರೆಯ ಒಳಗಿನ ನೀರಿಗೆ ಈಗಿನ ಮಾಮೂಲಿ ಹಂಚಿಕೆ. ಗೆರೆ ದಾಟಿದ ನೀರಿಗೆ ಟ್ಯಾಂಕರ್ ದರ, ಯಾಕೆಂದರೆ ಕಟ್ಟಡಕ್ಕೆ ಬೇಕಾದ ಕೊನೆಯ ಲೀಟರ್ ಬರುವುದು ಟ್ಯಾಂಕರಿನಿಂದ. ನಾಲ್ಕು ಜನರ ಮನೆ 26,000 ಲೀಟರ್ ಬಳಸಿದರೆ ಹೆಚ್ಚುವರಿ 10,000, ಬಿಲ್ಲಿನಲ್ಲಿ 1,000 ರೂಪಾಯಿ. ಮೋಟಾರಿನ ಕರೆಂಟು, ಎಸ್‌ಟಿಪಿ ಖರ್ಚು ಸೇರಿಸಿದರೆ ನಿಜವಾದ ನಷ್ಟ ಇನ್ನೂ ಹೆಚ್ಚು, ಆದರೆ ಮೊದಲ ವರ್ಷ ಅದನ್ನು ಕೆದಕಬೇಡಿ. ಜನಕ್ಕೆ ಟ್ಯಾಂಕರ್ ಬಿಲ್ ಕಣ್ಣಿಗೆ ಕಾಣುತ್ತದೆ, ಒಪ್ಪುತ್ತಾರೆ.

ಮಳೆಗಾಲದಲ್ಲಿ ಬೋರ್‌ವೆಲ್ ತುಂಬಿ ಟ್ಯಾಂಕರ್ ನಿಂತರೆ ಗೆರೆಯಾಚೆಯ ದರವೂ ಇಳಿಯಬೇಕು. ಬೇಸಿಗೆಯಲ್ಲಿ ಏರಿಸಿ ಜುಲೈನಲ್ಲಿ ಮರೆತುಬಿಟ್ಟರೆ ಅದು ಬೆಲೆಯಾಗಿ ಉಳಿಯುವುದಿಲ್ಲ, ಕಮಿಟಿಯ ಸುಲಿಗೆ ಅನ್ನಿಸಿಕೊಳ್ಳುತ್ತದೆ.

ದರ ಸಣ್ಣದಾದರೆ ಯಾರು ಲೆಕ್ಕಿಸುತ್ತಾರೆ ಎಂದು ಮೀಟಿಂಗ್‌ನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ಹಾಕಿದ್ದು ಬರೀ 15 ಸೆಂಟ್. ಬಳಕೆ ಶೇಕಡಾ 90ಕ್ಕೂ ಹೆಚ್ಚು ಇಳಿಯಿತು. ಮೊತ್ತ ಸಣ್ಣದು, ಆದರೆ ಚೀಲ ಕೇಳಿದ ಪ್ರತಿ ಸಲ ಕೌಂಟರಿನಲ್ಲೇ ಕೊಡಬೇಕಾಗಿತ್ತು. ವರ್ಷದ ಕೊನೆಗೆ ಒಟ್ಟಿಗೆ ಬರುವ ದೊಡ್ಡ ಬಿಲ್ಲಿಗೆ ಈ ಶಕ್ತಿ ಇಲ್ಲ.

ಕಟ್ಟುವ ಹಣಕ್ಕೂ ಮಾಡುವ ಕೆಲಸಕ್ಕೂ ನಂಟು ಇರಲೇಬೇಕು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಬಂತು. ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ಕಸ ಸಾಗಿಸುವ ಖರ್ಚಿಗೆ ಇದು ಆದಾಯವಾದೀತು. ಆದರೆ ಮನೆಯಲ್ಲೇ ಗೊಬ್ಬರ ಮಾಡುವವರಿಗೂ ಎಲ್ಲ ಕಲಸಿ ಎಸೆಯುವವರಿಗೂ ಚದರಡಿ ಒಂದೇ ಆಗಿದ್ದರೆ ಶುಲ್ಕವೂ ಒಂದೇ. ಕಸ ಕಡಿಮೆ ಮಾಡಲು ಅದರಲ್ಲಿ ಕಾರಣವೇ ಇಲ್ಲ. ದಕ್ಷಿಣ ಕೊರಿಯಾ 1995ರಿಂದ ಬೇರೆ ದಾರಿ ಹಿಡಿದಿದೆ: ಕಸವನ್ನು ಸರ್ಕಾರ ನಿಗದಿ ಮಾಡಿದ ಚೀಲದಲ್ಲೇ ಹಾಕಬೇಕು, ಚೀಲಕ್ಕೆ ದುಡ್ಡು, ಮರುಬಳಕೆಯ ವಸ್ತು ಬೇರ್ಪಡಿಸಿ ಕೊಟ್ಟರೆ ಪುಕ್ಕಟೆ. ಹೆಚ್ಚು ಎಸೆದವರು ಹೆಚ್ಚು ಚೀಲ ಕೊಳ್ಳುತ್ತಾರೆ.

5. ದಂಡವೇ ಪರವಾನಗಿ ಆಗುವ ಕಡೆ ಹುಷಾರು

ಇಸ್ರೇಲಿನ ಹೈಫಾ ನಗರದ ಡೇಕೇರ್‌ಗಳಲ್ಲಿ ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಮಾಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮಗುವನ್ನು ಕರೆದೊಯ್ಯಲು ಹತ್ತು ನಿಮಿಷಕ್ಕಿಂತ ತಡವಾಗಿ ಬಂದ ಪೋಷಕರಿಗೆ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ಮೊದಲು ಟೀಚರ್ ಕಾಯುತ್ತಾರಲ್ಲ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ದುಡ್ಡು ಕೊಟ್ಟು ಕೊಳ್ಳುವ ಸೇವೆಯಾಯಿತು. ದಂಡ ತೆಗೆದ ಮೇಲೂ ಸಂಕೋಚ ವಾಪಸ್ ಬರಲಿಲ್ಲ.

ನಮ್ಮ ಊರಿನ ಉದಾಹರಣೆ ಮಳೆನೀರು ಕೊಯ್ಲು. 2009ರಲ್ಲಿ ಕಾನೂನು ತಿದ್ದುಪಡಿಯಾಗಿ ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಅದು ಕಡ್ಡಾಯವಾಯಿತು. ಅಳವಡಿಸದವರಿಗೆ ನೀರಿನ ಬಿಲ್ಲಿನಲ್ಲೇ ದಂಡ ಬರುತ್ತದೆ. ತಿಂಗಳು ತಿಂಗಳು ಅದನ್ನು ಕಟ್ಟಿಕೊಂಡೇ ಹೋಗುವ ಮನೆಗಳು ಸಾವಿರಾರು. ಚಾವಣಿಯ ಪೈಪ್ ಬದಲಿಸಿ ಗುಂಡಿ ತೋಡಿಸುವ ರಗಳೆಗಿಂತ ಬಿಲ್ ಕಟ್ಟುವುದು ಹಗುರ ಎಂದು ಅವರು ಲೆಕ್ಕ ಹಾಕಿದ್ದಾರೆ, ಲೆಕ್ಕ ಸರಿಯಾಗಿಯೇ ಇದೆ.

ಆದ್ದರಿಂದ ಪ್ರತಿ ದರದ ಮುಂದೆ ಒಂದು ಪ್ರಶ್ನೆ ಬರೆಯಿರಿ: ಯಾರಾದರೂ ಇಷ್ಟು ದುಡ್ಡು ಕೊಟ್ಟು ಆರಾಮಾಗಿ ಇದನ್ನೇ ಮಾಡುತ್ತಾ ಹೋದರೆ ನಮಗೆ ಸರಿಯೇ? ನೀರಿನ ವಿಷಯದಲ್ಲಿ ಸರಿ. ಅವರು ಟ್ಯಾಂಕರಿನ ಖರ್ಚು ಕೊಟ್ಟರು, ಉಳಿದವರಿಗೆ ನಷ್ಟವಿಲ್ಲ. ಬೆರೆಸಿದ ಕಸದ ವಿಷಯದಲ್ಲಿ? ಬೇರ್ಪಡಿಸಲು ದಿನಕ್ಕೆ ಎರಡು ಗಂಟೆ ಹೆಚ್ಚುವರಿ ಕೆಲಸ, ಗಂಟೆಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 6,000. ಹದಿನೈದು ಮನೆಯವರು ದಿನವೂ ಬೆರೆಸಿ ಕೊಟ್ಟರೆ 450 ಬಕೆಟ್, ಬಕೆಟ್ಟಿಗೆ ಹದಿಮೂರು ಚಿಲ್ಲರೆ. ದಂಡ 20 ರೂಪಾಯಿ ಅಂದರೆ ಖರ್ಚೇನೋ ಹುಟ್ಟುತ್ತದೆ. ಆದರೆ ತಿಂಗಳಿಗೆ 600 ಕೊಟ್ಟು ಡೈಪರನ್ನೂ ಬ್ಲೇಡನ್ನೂ ಅನ್ನದ ಜೊತೆ ಕಳಿಸುವ ಹಕ್ಕು ಕೊಂಡ ಮನೆ ಒಂದಾದರೂ ಇರುತ್ತದೆ, ಕೈ ಕೊಯ್ದುಕೊಳ್ಳುವುದು ಬೇರೆಯವರು. ನನ್ನ ಅಭಿಪ್ರಾಯದಲ್ಲಿ ಇದನ್ನು ಎರಡಾಗಿ ಸೀಳಬೇಕು. ಹಾಲಿನ ಕವರು, ಪೇಪರು ಬೆರೆತಿದ್ದರೆ 20 ರೂಪಾಯಿ. ಚೂಪಾದದ್ದು, ಸ್ಯಾನಿಟರಿ ಕಸ ಬೆರೆತಿದ್ದರೆ ದಂಡವೂ ಇಲ್ಲ, ಎತ್ತುವುದೂ ಇಲ್ಲ. ಬಕೆಟ್ ಆ ಮನೆಯ ಬಾಗಿಲಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಮಾತಾಡುತ್ತದೆ.

6. ದಂಡಕ್ಕಿಂತ ಠೇವಣಿ ವಾಸಿ

ವಸೂಲಿ ಮಾಡುವ ದಂಡಕ್ಕೆ ಬಾಗಿಲು ತಟ್ಟಬೇಕು. "ಅಂಕಲ್, ಆ ಇನ್ನೂರು ರೂಪಾಯಿ..." ಎಂದು ಹಿರಿಯರ ಮನೆ ಮುಂದೆ ನಿಲ್ಲುವುದು ಯಾವ ಸೆಕ್ರೆಟರಿಗೂ ಇಷ್ಟವಿಲ್ಲ. ಮೊದಲೇ ಕಟ್ಟಿಸಿಕೊಂಡ ಠೇವಣಿಯಿಂದ ಕಳೆದುಕೊಂಡರೆ ಆ ಮುಜುಗರವಿಲ್ಲ. ಸರಿಯಾಗಿ ನಡೆದುಕೊಂಡವರಿಗೆ ಪೂರ್ತಿ ವಾಪಸ್, ಅವರಿಗದು ಖರ್ಚೂ ಅಲ್ಲ.

ನೀಲಗಿರಿಯಲ್ಲಿ ನೋಡಿ. ಗುಂಡ್ಲುಪೇಟೆಯ ಆಚೆಯ ಆ ಕಾಡುಗಳಲ್ಲಿ ಎಸೆದ ಮದ್ಯದ ಬಾಟಲಿಯ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟ್ ಹಿಡಿದು ಕೂತ ಮೇಲೆ 2022ರಲ್ಲಿ ತಮಿಳುನಾಡಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಹಿಂದಿರುಗಿಸತೊಡಗಿದವು. ಬಹುಪಾಲು ಬಾಟಲಿಗಳು ವಾಪಸ್ ಬರತೊಡಗಿದವು, ಯೋಜನೆ ಬೇರೆ ಜಿಲ್ಲೆಗಳಿಗೂ ಹೋಯಿತು. ಕುಡಿದವನು ಎಸೆದರೂ ಆಯ್ದು ತಂದವನಿಗೆ ಹತ್ತು ರೂಪಾಯಿ ಸಿಗುತ್ತದೆ. ಕಾವಲುಗಾರನ ಅಗತ್ಯವೇ ಇಲ್ಲ.

ಅಪಾರ್ಟ್‌ಮೆಂಟಿನಲ್ಲಿ ಠೇವಣಿ ಹೊಂದುವುದು ಒಳಾಂಗಣ ಕೆಲಸಕ್ಕೆ, ಮನೆ ಸಾಮಾನು ಸಾಗಿಸುವಾಗ ಲಿಫ್ಟ್ ಬಳಕೆಗೆ, ಹಾಲ್ ಬುಕಿಂಗ್‌ಗೆ. ಕೆಲಸಕ್ಕೆ ಅನುಮತಿ ಕೊಡುವಾಗಲೇ ಪಟ್ಟಿ ಕೈಗಿಡಿ: ಸಮಯ ಮೀರಿದ ಡ್ರಿಲ್ಲಿಂಗ್‌ಗೆ ಸಲಕ್ಕೆ ಇಷ್ಟು, ಕಾರಿಡಾರಿನಲ್ಲಿ ಬಿಟ್ಟ ಕಟ್ಟಡ ಕಸಕ್ಕೆ ದಿನಕ್ಕೆ ಇಷ್ಟು, ಲಿಫ್ಟಿನ ಗೀರಿಗೆ ರಿಪೇರಿಯ ಬಿಲ್ಲಷ್ಟು. ಠೇವಣಿ ವಾಪಸ್ ಕೊಡಲು ಏಳು ದಿನದ ಗಡುವು ನಿಮಗೂ ಇರಲಿ. ಠೇವಣಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಕಮಿಟಿಯ ಮಾತು ಮುಂದಿನ ಸಲ ಯಾರೂ ಕೇಳುವುದಿಲ್ಲ.

7. ಬಂದ ದುಡ್ಡು ಎಲ್ಲಿಗೆ?

ಇದನ್ನು ಮೊದಲೇ ಬರೆದಿಡದಿದ್ದರೆ ಉಳಿದದ್ದೆಲ್ಲ ಕುಸಿಯುತ್ತದೆ. ನೀರಿನ ಹೆಚ್ಚುವರಿ ಹಣ ಮೊದಲು ಟ್ಯಾಂಕರ್ ಬಿಲ್ಲಿಗೆ ಹೋಗಲಿ, ಮಿಕ್ಕಿದರೆ ಗೆರೆಯೊಳಗೆ ಉಳಿದ ಮನೆಗಳಿಗೆ ಉಳಿಸಿದ ಲೀಟರಿನ ಲೆಕ್ಕದಲ್ಲಿ ರಿಯಾಯಿತಿಯಾಗಲಿ. ಹಣ ಕಾರ್ಪಸ್ ಫಂಡಿನಲ್ಲಿ (ಸಂಘದ ಮೀಸಲು ನಿಧಿಯಲ್ಲಿ) ಕರಗಬಾರದು, ರಾಜ್ಯೋತ್ಸವದ ಊಟಕ್ಕೂ ಹೋಗಬಾರದು. ಹೊರೆ ಹೊತ್ತವರ ಬಿಲ್ಲಿನಲ್ಲೇ ಕಳೆದು ತೋರಿಸಿ.

ಕಸದ ದಂಡವನ್ನು ಬೇರ್ಪಡಿಸುವ ಹೆಂಗಸರಿಗೇ ಕೊಡೋಣ ಎಂಬ ಸಲಹೆ ಬರುತ್ತದೆ, ಕೇಳಲು ನ್ಯಾಯವಾಗಿಯೂ ಇದೆ. ಆದರೆ ಬರೆಯುವವರಿಗೇ ಹಣ ಹೋದರೆ ಪುಸ್ತಕದ ಮೇಲೆ ಅನುಮಾನ ಶುರು: ದುಡ್ಡಿಗಾಗಿ ಬರೆದಳು ಎನ್ನುತ್ತಾರೆ, ಆಕೆಯ ಕೆಲಸಕ್ಕೇ ಸಂಚಕಾರ. ಬೇರ್ಪಡಿಸುವ ಕೆಲಸಕ್ಕೆ ತಿಂಗಳಿಗೆ ಇಷ್ಟು ಎಂದು ಖಚಿತ ಭತ್ಯೆ ಕೊಡಿ, ದಂಡ ಬರಲಿ ಬಿಡಲಿ. ಕೈಗವಸು, ಬೂಟು, ಧನುರ್ವಾಯುವಿನ ಚುಚ್ಚುಮದ್ದು ಅದರಾಚೆ.

8. ಬಹುಮಾನ

ಇತರರಿಗೆ ಉಪಕಾರ ಮಾಡುವವರೂ ಇರುತ್ತಾರೆ, ಅವರ ಖರ್ಚು ಅವರದ್ದೇ. ಬಡಾವಣೆಯಲ್ಲಿ ಒಬ್ಬರು ಇಂಗುಬಾವಿ ತೋಡಿಸಿದರೆ ನೀರು ಅವರ ಬೋರ್‌ವೆಲ್ಲಿಗಷ್ಟೇ ಇಳಿಯುವುದಿಲ್ಲ. ಮನೆಯಲ್ಲೇ ಗೊಬ್ಬರ ಮಾಡುವವರಿಂದ ಕಸ ಸಾಗಣೆಯ ಖರ್ಚು ಕಡಿಮೆ. ಕಾರಿಲ್ಲದ ಮನೆ ಒಂದು ಪಾರ್ಕಿಂಗ್ ಜಾಗ ಬಿಟ್ಟುಕೊಡುತ್ತದೆ. ಇಂಗುಬಾವಿಯ ಖರ್ಚಿನಲ್ಲಿ ಒಂದು ಪಾಲು ಸಂಘದಿಂದ ಕೊಡಿ. ಬಿಟ್ಟುಕೊಟ್ಟ ಪಾರ್ಕಿಂಗ್ ಜಾಗವನ್ನು ಎರಡನೇ ಕಾರಿನವರಿಗೆ ಬಾಡಿಗೆಗೆ ಕೊಟ್ಟು ಬಾಡಿಗೆಯನ್ನು ಬಿಟ್ಟುಕೊಟ್ಟವರಿಗೆ ತಲುಪಿಸಿ.

ಬಹುಮಾನದಲ್ಲಿ ಮೋಸದ ದಾರಿಗಳು ದಂಡಕ್ಕಿಂತ ಹೆಚ್ಚು. 1902ರಲ್ಲಿ ಹನೋಯ್‌ನ ಫ್ರೆಂಚ್ ಆಡಳಿತ ಇಲಿ ಕೊಂದು ಬಾಲ ತಂದವರಿಗೆ ಹಣ ಕೊಡತೊಡಗಿತು. ಕೆಲವೇ ದಿನಕ್ಕೆ ಬಾಲವಿಲ್ಲದ ಇಲಿಗಳು ಊರಲ್ಲಿ ಓಡಾಡತೊಡಗಿದವು. ಬಾಲ ಕತ್ತರಿಸಿ, ಮರಿ ಹಾಕಲಿ ಎಂದು ಇಲಿಯನ್ನು ಬಿಟ್ಟುಬಿಡುತ್ತಿದ್ದರು. ಇಲಿ ಸಾಕುವವರೂ ಹುಟ್ಟಿಕೊಂಡರು.

ನೀರಿನ ರಿಯಾಯಿತಿಯಲ್ಲಿ ನಮ್ಮ ಬಾಲವಿಲ್ಲದ ಇಲಿ ಯಾವುದು ಗೊತ್ತೇ? ಬೀಗ ಹಾಕಿದ ಮನೆ. ಯಜಮಾನರು ಕ್ಯಾಲಿಫೋರ್ನಿಯಾದಲ್ಲಿ, ಮೀಟರ್ ಸೊನ್ನೆ, ಅತಿ ಹೆಚ್ಚು ರಿಯಾಯಿತಿ ಅವರಿಗೇ. ತಿಂಗಳಿಗೆ ಕನಿಷ್ಠ ಇಷ್ಟು ಬಳಕೆ ಇದ್ದ ಮನೆಗೆ ಮಾತ್ರ ರಿಯಾಯಿತಿ ಎಂದು ಬರೆದರೆ ಸರಿಹೋಗುತ್ತದೆ. ಗೊಬ್ಬರಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ನೀರು, ಮಣ್ಣು ಬೆರೆತು ತೂಕ ಬರುತ್ತದೆ. ಹಸಿ ಕಸ ಕೊಡದ ದಿನಗಳನ್ನು ಎಣಿಸಿ, ಅದು ಹೇಗೂ ಪುಸ್ತಕದಲ್ಲಿ ಇರುತ್ತದೆ.

9. ಕಾಗದಪತ್ರ

ದಂಡ ಹಾಕುವ ಅಧಿಕಾರ ಬೈಲಾದಿಂದ ಬರಬೇಕು, ಕಮಿಟಿಯ ಉತ್ಸಾಹದಿಂದಲ್ಲ. ನಿಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ ನೋಡಿಕೊಂಡು, ಜನರಲ್ ಬಾಡಿಯಲ್ಲಿ ಬೇಕಾದ ಬಹುಮತದಿಂದ ನಿಯಮ ಪಾಸು ಮಾಡಿಸಿ. ಒಮ್ಮೆ ವಕೀಲರಿಗೆ ತೋರಿಸಿ. ದಂಡ ಕಟ್ಟಲಿಲ್ಲ ಎಂದು ನೀರು, ಕರೆಂಟಿಗೆ ಕೈ ಹಾಕಬೇಡಿ, ಅದು ದೂರಾಗಿ ನಿಮ್ಮ ಮೇಲೆಯೇ ತಿರುಗುತ್ತದೆ. ಬಳಕೆಯ ಬಿಲ್ ಬಾಡಿಗೆದಾರರಿಗೆ, ಠೇವಣಿ ಮಾಲೀಕರಿಂದ, ದರ ಇಬ್ಬರಿಗೂ ಒಂದೇ. ಆಕ್ಷೇಪಣೆ ಕೇಳಲು ಕಮಿಟಿಯಲ್ಲಿಲ್ಲದ ಮೂವರು ಇರಲಿ.

ಬಾಕಿ ದಂಡಕ್ಕೆ ಎಂದೂ ಡಿಸ್ಕೌಂಟ್ ಘೋಷಿಸಬೇಡಿ. ಕರ್ನಾಟಕದಲ್ಲಿ ಸಂಚಾರ ದಂಡದ ಬಾಕಿಗೆ 2023ರಲ್ಲಿ ಶೇಕಡಾ 50 ರಿಯಾಯಿತಿ ಕೊಟ್ಟಾಗ ಕೋಟಿಗಟ್ಟಲೆ ವಸೂಲಾಯಿತು ನಿಜ. 2025ರಲ್ಲಿ ಮತ್ತೆ ಕೊಟ್ಟರು. ಅಂದಂದೇ ಪೂರ್ತಿ ಕಟ್ಟಿದವರು ಈಗ ಮುಂದಿನ ರಿಯಾಯಿತಿ ಕಾಯಲು ಕಲಿತಿದ್ದಾರೆ.

10. ಮೂರು ತಿಂಗಳು ಬರೀ ಲೆಕ್ಕ, ವಸೂಲಿಯಿಲ್ಲ

ಸ್ಟಾಕ್‌ಹೋಮ್ ನಗರ ವಾಹನ ದಟ್ಟಣೆ ಶುಲ್ಕವನ್ನು 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗವಾಗಿ ಇಟ್ಟು, ನಿಲ್ಲಿಸಿ, ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿತು. ಶುರುವಿಗೆ ಮುಂಚೆ ಹೆಚ್ಚಿನವರು ವಿರೋಧವಾಗಿದ್ದರು. ವಾಹನಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದದ್ದನ್ನು ರಸ್ತೆಯಲ್ಲಿ ಕಂಡ ಮೇಲೆ ನಗರದ ಮತದಾರರಲ್ಲಿ ಬಹುಮತ ಪರವಾಗಿ ಬಂತು, 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು.

ನೀವೂ ಮೂರು ತಿಂಗಳು ಮೇಂಟೆನೆನ್ಸ್ ಬಿಲ್ಲಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಮುದ್ರಿಸಿ: "ಹೊಸ ನಿಯಮ ಜಾರಿಯಲ್ಲಿದ್ದರೆ ಈ ತಿಂಗಳು ನಿಮಗೆ ಹೆಚ್ಚುವರಿ ಇಷ್ಟು, ಅಥವಾ ರಿಯಾಯಿತಿ ಇಷ್ಟು." ವಸೂಲಿ ಬೇಡ. ಸೋರುವ ಫ್ಲಶ್‌ಗಳು ಈ ಅವಧಿಯಲ್ಲೇ ರಿಪೇರಿಯಾಗುತ್ತವೆ. ತಪ್ಪು ಓದುವ ಮೀಟರ್‌ಗಳು, ಆರು ಜನರಿದ್ದೂ ನಾಲ್ಕೆಂದು ಬರೆದುಕೊಂಡ ಮನೆಗಳು ಹೊರಬೀಳುತ್ತವೆ. ಇದನ್ನು ಫೆಬ್ರವರಿಯಲ್ಲಿ ಆರಂಭಿಸಿದರೆ ಒಳ್ಳೆಯದು, ಟ್ಯಾಂಕರುಗಳು ಗೇಟಿನಲ್ಲಿ ಸಾಲುಗಟ್ಟುವಾಗ ಲೆಕ್ಕ ಕೈಯಲ್ಲಿರುತ್ತದೆ.

ಆಮೇಲೆ ಸಭೆಯಲ್ಲಿ ಓದಲು ಠರಾವಿನ ಕರಡು ಇದು, ಅಂಕಿಗಳನ್ನು ನಿಮ್ಮ ಬಿಲ್ ನೋಡಿ ತುಂಬಿಕೊಳ್ಳಿ:

"ತಲೆಗೆ ತಿಂಗಳಿಗೆ ____ ಲೀಟರ್ ಮೀರಿದ ನೀರಿಗೆ, ಹಿಂದಿನ ತಿಂಗಳ ಟ್ಯಾಂಕರ್ ದರದಂತೆ ಸಾವಿರ ಲೀಟರಿಗೆ ____ ರೂಪಾಯಿ. ಟ್ಯಾಂಕರ್ ತರಿಸದ ತಿಂಗಳು ಈ ದರ ಇಲ್ಲ. ಸಂಗ್ರಹವಾದ ಹಣ ಟ್ಯಾಂಕರ್ ಬಿಲ್ಲಿಗೆ, ಮಿಕ್ಕಿದ್ದು ಮಿತಿಯೊಳಗೆ ಬಳಸಿದ ಮನೆಗಳಿಗೆ. ಕನಿಷ್ಠ ____ ಲೀಟರ್ ಬಳಸದ ಮನೆಗೆ ರಿಯಾಯಿತಿ ಇಲ್ಲ. ಮನೆಯಲ್ಲಿ ಕಾಯಿಲೆಯವರು, ಬಾಣಂತಿ ಇದ್ದರೆ ಅರ್ಜಿಯ ಮೇಲೆ ಮಿತಿ ಹೆಚ್ಚಿಸಲಾಗುವುದು, ಕಾರಣವನ್ನು ಪ್ರಕಟಿಸುವುದಿಲ್ಲ. ಲೆಕ್ಕವನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ನೋಟಿಸ್ ಬೋರ್ಡಿನಲ್ಲಿ ಹಾಕಲಾಗುವುದು. ಈ ಠರಾವು ಒಂದು ವರ್ಷಕ್ಕೆ ಮಾತ್ರ. ಮುಂದುವರಿಸಲು ಮತ್ತೆ ಮತ ಬೇಕು."